ಇಸ್ಲಾಂ ಎಂಬ ಶಬ್ದವೂ ಶರಣ ಎಂಬ ಶಬ್ದವೂ

ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ‘ಶರಣ’ ಶಬ್ದಕ್ಕೆ ಅಲ್ಲಿ ಹೇಳಿರುವ ಎರಡು ಅರ್ಥಗಳು ನೆನಪಿರಬಹುದು: ಒಂದು ಮನೆ, ಇನ್ನೊಂದು ರಕ್ಷಿಸುವವನು. ಶರಣು ಹೊಕ್ಕವನಿಗೆ ಆ ಶಬ್ದವು ಅಲ್ಲಿ ಸಲ್ಲುವುದಿಲ್ಲ. ಹನ್ನೆರಡನೆಯ ಶತಮಾನದ ನಮ್ಮ ಹಿರಿಯರ ಬಾಯಲ್ಲಿ ಅದು ಬೇರೊಂದು ದಿಕ್ಕಿಗೆ ತಿರುಗಿತು. ಆಶ್ರಯವಿತ್ತವನ ಹೆಸರು ಆಶ್ರಯ ಹೊಕ್ಕವನ ಹೆಸರಾಯಿತು. ತನ್ನದೆಂಬುದನ್ನೆಲ್ಲ ಲಿಂಗಕ್ಕೆ ಒಪ್ಪಿಸಿ ನಿಂತವನು ಶರಣನೆನಿಸಿದನು. ಷಟ್‌ಸ್ಥಲದಲ್ಲಿ ಐಕ್ಯಕ್ಕೆ ಒಂದೇ ಮೆಟ್ಟಿಲು ಕೆಳಗಿನ ಸ್ಥಲಕ್ಕೆ ಇದೇ ಹೆಸರು ನಿಂತಿದೆ.

ಎರಡು ವರುಷಗಳ ಹಿಂದೆ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ವಿಷಯವನ್ನೇ ವಿವರಿಸುತ್ತಿದ್ದೆನು. ಮಠದ ಶಾಲೆಯಾದರೂ ನಮ್ಮಲ್ಲಿ ಎಲ್ಲ ಮತದ ಮಕ್ಕಳೂ ಓದುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮುಸಲ್ಮಾನ ಹುಡುಗನೊಬ್ಬನು ಎದ್ದು, “ಗುರುಗಳೇ, ಮುಸ್ಲಿಂ ಅಂದರೂ ಇದೇ ಅರ್ಥವಂತೆ. ನಮ್ಮ ದಾದಾ ಹೇಳುತ್ತಾರೆ” ಎಂದನು. ನಾನು ಉತ್ತರ ಕೊಡುವುದಕ್ಕೆ ಮುಂಚೆಯೇ ಮುಂದಿನ ಸಾಲಿನಿಂದ ಇನ್ನೊಬ್ಬನು, “ಅರ್ಥ ಒಂದೇ ಆದರೆ ನಾವು ಬೇರೆ ಬೇರೆ ಯಾಕಿದ್ದೇವೆ?” ಎಂದು ಕೇಳಿದನು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಐವತ್ತು ದಾಟಿದ ನಾನು ದಿನಕ್ಕೆ ಐದು ಸಲ ಬಾಂಗಿನ ಧ್ವನಿಯನ್ನು ಕೇಳುತ್ತ ಬೆಳೆದವನು. ಆ ಧ್ವನಿ ಏನನ್ನು ಹೇಳುತ್ತದೆಂಬುದನ್ನು ಒಮ್ಮೆಯೂ ವಿಚಾರಿಸಿದವನಲ್ಲ. “ನಾಳೆ ಹೇಳುತ್ತೇನೆ” ಎಂದು ಪಾಠ ಮುಂದುವರಿಸಿದೆನು. ಆ ನಾಳೆ ಬರುವುದಕ್ಕೆ ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಓದಿ ತಿಳಿದುದನ್ನೂ, ಓದಿದ ಮೇಲೆ ಉಳಿದ ಒಂದು ಸಂದೇಹವನ್ನೂ ವಾಚಕರ ಮುಂದಿಡುತ್ತೇನೆ.

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ಧಾತುವಿದ್ದಂತೆ ಅರಬ್ಬಿಯಲ್ಲಿಯೂ ಧಾತುವಿದೆ; ಅದು ಬಹುಮಟ್ಟಿಗೆ ಮೂರು ವ್ಯಂಜನಗಳ ಕಟ್ಟು. ಸ, ಲ, ಮ ಎಂಬ ಮೂರು ವ್ಯಂಜನಗಳಿಂದ ‘ಸಲಾಂ’ ಎಂಬುದು ಹುಟ್ಟುತ್ತದೆ. ಅದಕ್ಕೆ ಶಾಂತಿ, ಕ್ಷೇಮ ಎಂದರ್ಥ. ಅದೇ ಧಾತುವಿನಿಂದ ‘ಇಸ್ಲಾಂ’, ಎಂದರೆ ತನ್ನನ್ನು ಒಪ್ಪಿಸಿಬಿಡುವುದು. ‘ಮುಸ್ಲಿಂ’, ಎಂದರೆ ಹಾಗೆ ಒಪ್ಪಿಸಿದವನು. ಹುಡುಗನ ದಾದಾ ಹೇಳಿದ್ದು ಸರಿ. ಈ ಧರ್ಮಕ್ಕೆ ಅದನ್ನು ಸಾರಿದವರ ಹೆಸರಿಲ್ಲ, ಹುಟ್ಟಿದ ದೇಶದ ಹೆಸರೂ ಇಲ್ಲ. ಮನುಷ್ಯನು ಮಾಡಬೇಕಾದ ಕ್ರಿಯೆಯೇ ಅದರ ಹೆಸರು. ‘ಮಹಮ್ಮದೀಯ ಮತ’ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುವುದನ್ನು ಅವರು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಆದರೆ ಒಪ್ಪಿಸುವುದೆಂದರೇನು? ಒಪ್ಪಿಸಿಕೊಂಡವನು ದಾಸನಾಗುತ್ತಾನೆಯೋ, ಬಿಡುಗಡೆ ಹೊಂದುತ್ತಾನೆಯೋ? ನಮ್ಮ ಕಾಲದ ವಿದ್ಯಾವಂತರು ಶರಣಾಗತಿಯೆಂಬ ಮಾತನ್ನು ಕೇಳಿದೊಡನೆ ಮುಖ ಕಿವಿಚುತ್ತಾರೆ. ಅದು ಬುದ್ಧಿಯನ್ನು ಬಿಟ್ಟವರ ಮಾತೆಂದು ಅವರ ತಿಳಿವಳಿಕೆ. ಈ ಪ್ರಶ್ನೆಗೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಏಳನೆಯ ಶತಮಾನದ ಮಕ್ಕಾ ಪಟ್ಟಣದಲ್ಲಿ ಹುಡುಕುವುದು ಲೇಸು.

ಮಕ್ಕಾ ಆಗ ಬೆಳೆಯಿಲ್ಲದ, ಗುಡ್ಡಗಳ ನಡುವಿನ ಒಂದು ವ್ಯಾಪಾರದ ಊರು. ಒಂಟೆಗಳ ಸಾರ್ಥಗಳು ದಕ್ಷಿಣದ ಯಮನ್ ದೇಶಕ್ಕೂ ಉತ್ತರದ ಸಿರಿಯಾಕ್ಕೂ ಅಲ್ಲಿಂದ ಹೋಗಿಬರುತ್ತಿದ್ದವು. ಊರ ನಡುವೆ ಕಾಬಾ ಎಂಬ ಚೌಕಾಕಾರದ ದೇವಾಲಯ. ಅದರ ಸುತ್ತ 360 ವಿಗ್ರಹಗಳಿದ್ದವೆಂದು ಪರಂಪರೆ ಹೇಳುತ್ತದೆ. ಒಂದೊಂದು ಕುಲಕ್ಕೆ ಒಂದೊಂದು ದೇವತೆ. ಆ ದೇವಾಲಯದ ಯಾತ್ರಿಕರಿಂದಲೂ ಸಾರ್ಥಗಳ ವ್ಯಾಪಾರದಿಂದಲೂ ಕುರೈಷ್ ಎಂಬ ಕುಲದವರು ಬಾಳುತ್ತಿದ್ದರು. ಕುಲವಿದ್ದವನಿಗೆ ರಕ್ಷಣೆ, ಕುಲವಿಲ್ಲದವನಿಗೂ, ಅನಾಥನಿಗೂ, ಕೊಂಡು ತಂದ ಗುಲಾಮನಿಗೂ ಯಾರ ರಕ್ಷಣೆಯೂ ಇಲ್ಲ. ದೇವರುಗಳು ಹಲವಾಗಿದ್ದುದೂ ಒಡೆಯರು ಹಲವಾಗಿದ್ದುದೂ ಅಲ್ಲಿ ಬೇರೆ ಬೇರೆ ಸಂಗತಿಗಳಾಗಿರಲಿಲ್ಲ. ಕುಲದೇವತೆಯನ್ನು ಮುಟ್ಟಿದರೆ ಕುಲವನ್ನು ಮುಟ್ಟಿದಂತೆ; ಕುಲವನ್ನು ಮುಟ್ಟಿದರೆ ವ್ಯಾಪಾರವನ್ನು ಮುಟ್ಟಿದಂತೆ.

ಮಹಮ್ಮದ್ ಪೈಗಂಬರರು ಅದೇ ಕುರೈಷ್ ಕುಲದಲ್ಲಿ ಸುಮಾರು ಕ್ರಿ.ಶ. 570ರಲ್ಲಿ ಜನಿಸಿದರು. ತಂದೆ ಅಬ್ದುಲ್ಲಾ ಅವರು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದರು. ಆರು ವರ್ಷದ ಬಾಲಕನಿದ್ದಾಗ ತಾಯಿ ಆಮಿನಾ, ಎಂಟರಲ್ಲಿ ಅಜ್ಜ. ಚಿಕ್ಕಂದಿನಿಂದಲೂ ಅನಾಥನ ಬಾಳೇನೆಂಬುದನ್ನು ಅವರು ಉಂಡು ತಿಳಿದಿದ್ದರು. ದೊಡ್ಡಪ್ಪ ಅಬೂ ತಾಲಿಬರ ಆಶ್ರಯದಲ್ಲಿ ಬೆಳೆದು, ಖದೀಜಾ ಎಂಬ ವಿಧವೆಯ ವ್ಯಾಪಾರವನ್ನು ನಂಬಿಕೆಯಿಂದ ನಡೆಸಿ, ಆಕೆಯನ್ನು ವಿವಾಹವಾದರು. ನಲವತ್ತರ ಸುಮಾರಿಗೆ, ಕ್ರಿ.ಶ. 610ರಲ್ಲಿ, ಹಿರಾ ಗುಡ್ಡದ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಜಿಬ್ರೀಲ್ ಎಂಬ ದೇವದೂತನ ಮೂಲಕ ಮೊದಲ ವಾಣಿ ಅವರಿಗೆ ಇಳಿದುಬಂದಿತು. ಅವರು ಹೆದರಿ ನಡುಗುತ್ತ ಮನೆಗೆ ಬಂದರೆಂದೂ, ಖದೀಜಾ ಅವರನ್ನು ಹೊದಿಸಿ ಸಂತೈಸಿದರೆಂದೂ, ಆಕೆಯೇ ಮೊದಲು ನಂಬಿದವರೆಂದೂ ಮುಸಲ್ಮಾನ ಚರಿತ್ರಕಾರರು ಬರೆದಿದ್ದಾರೆ. ಈ ಒಂದು ಪ್ರಸಂಗ ನನ್ನ ಮನಸ್ಸನ್ನು ಹಿಡಿದುಕೊಂಡಿತು. ಧರ್ಮಸ್ಥಾಪಕರ ಚರಿತ್ರೆಗಳಲ್ಲಿ ಹೆದರಿಕೆಯನ್ನು ಮುಚ್ಚಿಡುವುದೇ ವಾಡಿಕೆ, ಇಲ್ಲಿ ಮುಚ್ಚಿಟ್ಟಿಲ್ಲ.

ಅವರು ಸಾರಿದ್ದು ಮೂಲತಃ ಒಂದೇ ಮಾತು: ದೇವನು ಒಬ್ಬನೇ, ಅವನಿಗೆ ಜೊತೆಗಾರರಿಲ್ಲ, ಸಂತಾನವಿಲ್ಲ, ಸಮಾನರಿಲ್ಲ. ಇದನ್ನು ‘ತೌಹೀದ್’ ಎನ್ನುತ್ತಾರೆ. ದೇವನಿಗೆ ಇನ್ನೊಬ್ಬರನ್ನು ಜೊತೆಗೂಡಿಸುವುದು ‘ಷಿರ್ಕ್’. ಅವರ ಎಣಿಕೆಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಕೇಳುವುದಕ್ಕೆ ಇದು ಕೇವಲ ತತ್ತ್ವದ ಮಾತೆಂದು ತೋರುತ್ತದೆ. ಅದು ಗುಲಾಮನ ಕಿವಿಗೆ ಹೇಗೆ ಕೇಳಿಸಿರಬೇಕೆಂಬುದನ್ನು ಬಿಲಾಲನ ಕಥೆಯಿಂದ ತಿಳಿಯಬಹುದು. ಬಿಲಾಲ್ ಅಬಿಸೀನಿಯ ಮೂಲದ ಕರಿಯ ಗುಲಾಮ. ಅವನ ಒಡೆಯ ಉಮಯ್ಯಾ ಎಂಬವನು ಅವನನ್ನು ನಡುಹಗಲಿನ ಕಾದ ಮರಳಿನ ಮೇಲೆ ಅಂಗಾತ ಕೆಡವಿ, ಎದೆಯ ಮೇಲೆ ಬಂಡೆಯನ್ನಿಡಿಸಿ, ಹಳೆಯ ದೇವತೆಗಳನ್ನು ಒಪ್ಪಿಕೋ ಎಂದನಂತೆ. ಬಿಲಾಲನು ‘ಒಬ್ಬನೇ’ ಎಂಬರ್ಥದ ಒಂದೇ ಶಬ್ದವನ್ನು ಮತ್ತೆ ಮತ್ತೆ ನುಡಿಯುತ್ತಿದ್ದನಂತೆ. ಒಡೆಯನು ಅವನ ಮೈಯನ್ನು ಕೊಂಡಿದ್ದನು. ಆ ಶಬ್ದವಾದರೋ ಒಡೆಯನನ್ನು ಒಡೆತನದಿಂದಲೇ ಇಳಿಸಿಬಿಟ್ಟಿತು. ಕೊನೆಗೆ ಅಬೂ ಬಕರರು ಬೆಲೆ ಕೊಟ್ಟು ಅವನನ್ನು ಬಿಡಿಸಿದರು.

ಒಬ್ಬನಿಗೆ ಪೂರ್ತಿಯಾಗಿ ಶರಣಾದವನು ಉಳಿದ ಯಾರಿಗೂ ಶರಣಾಗಬೇಕಿಲ್ಲ. ಕಲ್ಯಾಣದ ಕಥೆ ಬಲ್ಲ ನಮಗೆ ಇದು ಹೊಸ ಮಾತಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯನ್ನು ಅರಸು ಸಹಿಸದೆ ಹೋದುದು ಏತಕ್ಕೆ? ಲಿಂಗವೊಂದೇ ಎಂಬ ಮಾತು ಪೂಜೆಯ ಕೋಣೆಯಲ್ಲಿ ಉಳಿದಿದ್ದರೆ ಬಿಜ್ಜಳನಿಗೆ ಅಡ್ಡಿಯಿರಲಿಲ್ಲ. ಅದು ಬೀಗತನದ ಅಂಗಳಕ್ಕೆ ಬಂದಿತು, ರಕ್ತ ಹರಿಯಿತು.

ಮಕ್ಕಾದಲ್ಲಿಯೂ ಹೀಗೆಯೇ ಆಯಿತು. ಹಿಂಸೆ ತಾಳಲಾರದೆ ಕೆಲವರು 615ರಲ್ಲಿ ಕಡಲು ದಾಟಿ ಅಬಿಸೀನಿಯದ ಕ್ರೈಸ್ತ ಅರಸನ ಮೊರೆಹೊಕ್ಕರು. ಅವನು ಅವರನ್ನು ಹಿಂದಕ್ಕೊಪ್ಪಿಸಲಿಲ್ಲ. 619ರಲ್ಲಿ ಖದೀಜಾ ಮತ್ತು ಅಬೂ ತಾಲಿಬ್ ಇಬ್ಬರೂ ತೀರಿಕೊಂಡರು. 622ರಲ್ಲಿ ಪೈಗಂಬರರು ಹುಟ್ಟಿದೂರನ್ನು ಬಿಟ್ಟು ಯಸ್ರಿಬ್ ಪಟ್ಟಣಕ್ಕೆ ಹೋದರು. ಅದೇ ಮುಂದೆ ಮದೀನಾ ಎನಿಸಿತು. ಈ ತೆರಳುವಿಕೆಯೇ ಹಿಜರತ್. ಮುಂದೆ ಎರಡನೆಯ ಖಲೀಫ ಉಮರರ ಕಾಲದಲ್ಲಿ ಶಕೆಯನ್ನು ಗೊತ್ತುಪಡಿಸುವಾಗ ಅವರು ಪೈಗಂಬರರ ಜನನದಿಂದ ಎಣಿಸಲಿಲ್ಲ, ಮೊದಲ ವಾಣಿಯಿಂದಲೂ ಎಣಿಸಲಿಲ್ಲ. ಮನೆ ಬಿಟ್ಟ ವರ್ಷದಿಂದ ಎಣಿಸಿದರು. ಉಪನಯನವನ್ನು ಒಲ್ಲೆನೆಂದು ಬಾಗೇವಾಡಿಯ ಮನೆಯನ್ನು ತೊರೆದು ಸಂಗಮಕ್ಕೆ ನಡೆದ ಬಸವಣ್ಣನವರ ನೆನಪು ನನಗೆ ಇಲ್ಲಿ ಬಂದಿತು. ಒಪ್ಪಿಸಿಕೊಳ್ಳುವುದಕ್ಕೆ ಮುಂಚೆ ಬಿಡಬೇಕಾದುದೊಂದು ಇರುತ್ತದೆ.

ಮದೀನೆಯಲ್ಲಿ ಪೈಗಂಬರರು ಉಪದೇಶಕರಷ್ಟೇ ಅಲ್ಲ, ನಾಯಕರೂ ನ್ಯಾಯಾಧೀಶರೂ ಆದರು, ಯುದ್ಧಗಳು ನಡೆದವು. ಆ ವಿಸ್ತಾರಕ್ಕೆ ಇಲ್ಲಿ ಎಡೆಯಿಲ್ಲ. 630ರಲ್ಲಿ ಮಕ್ಕಾ ಅವರಿಗೆ ವಶವಾಯಿತು, ಕಾಬಾದ ವಿಗ್ರಹಗಳನ್ನು ತೆಗೆಯಿಸಿದರು. ಅಂದು ಕಾಬಾದ ಮಾಳಿಗೆಯ ಮೇಲೆ ಹತ್ತಿ ಪ್ರಾರ್ಥನೆಗೆ ಕರೆದವನು ಬಿಲಾಲ್ ಎಂದು ಚರಿತ್ರಕಾರರು ಬರೆಯುತ್ತಾರೆ. ಕುರೈಷರ ಕುಲೀನರಲ್ಲಿ ಕೆಲವರಿಗೆ ವಿಗ್ರಹ ಹೋದುದಕ್ಕಿಂತ ಈ ದೃಶ್ಯವೇ ಹೆಚ್ಚು ನೋವಾಗಿದ್ದಿರಬಹುದು. 632ರಲ್ಲಿ ಪೈಗಂಬರರು ಮದೀನೆಯಲ್ಲಿ ದೇಹವಿಟ್ಟರು. ಸುದ್ದಿಯನ್ನು ನಂಬಲಾರದೆ ಉಮರರು ಅವರು ಸತ್ತಿಲ್ಲವೆಂದು ಕೂಗಾಡುತ್ತಿದ್ದಾಗ ಅಬೂ ಬಕರರು ಬಂದು ಜನರಿಗೆ ತಿಳಿಹೇಳಿದರು: ಮಹಮ್ಮದರನ್ನು ಪೂಜಿಸುತ್ತಿದ್ದವರು ಇದ್ದರೆ ಅವರು ಮೃತರಾದರೆಂದು ತಿಳಿಯಲಿ, ದೇವನನ್ನು ಪೂಜಿಸುವವರಿಗೆ ಆತನು ಎಂದೆಂದಿಗೂ ಇರುವವನು. ತಂದೆಗಿಂತ ಹೆಚ್ಚಾಗಿ ಪ್ರೀತಿಸಿದವರ ಶವದ ಪಕ್ಕದಿಂದ ಎದ್ದುಬಂದು ಈ ತಾತ್ಪರ್ಯದ ಮಾತನ್ನಾಡುವುದು ಸಾಮಾನ್ಯವಲ್ಲ. ‘ಮಹಮ್ಮದೀಯ’ ಎಂಬ ಹೆಸರನ್ನು ಅವರು ಏಕೆ ಒಪ್ಪುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವರಿಗೆ ಪೈಗಂಬರರು ದೇವರಲ್ಲ, ಅವತಾರವೂ ಅಲ್ಲ; ಆದಮ್, ಇಬ್ರಾಹೀಂ, ಮೂಸಾ, ಈಸಾ ಮುಂತಾದ ದೂತರ ಪರಂಪರೆಯಲ್ಲಿ ಕೊನೆಯವರು.

ಅವರ ನಂಬಿಕೆಗಳನ್ನು ಆರೆಂದು ಎಣಿಸುವುದುಂಟು: ಒಬ್ಬ ದೇವನು, ದೇವದೂತರು, ಇಳಿದುಬಂದ ಗ್ರಂಥಗಳು, ಪ್ರವಾದಿಗಳು, ಅಂತ್ಯದಿನ, ದೇವಸಂಕಲ್ಪ. ಇಪ್ಪತ್ತಮೂರು ವರ್ಷಗಳ ಕಾಲ ಬಿಡಿಬಿಡಿಯಾಗಿ ಬಂದ ವಾಣಿಯೇ 114 ಅಧ್ಯಾಯಗಳ ಕುರಾನ್. ಮೂರನೆಯ ಖಲೀಫ ಉಸ್ಮಾನರ ಕಾಲದಲ್ಲಿ ಅದರ ಪಾಠ ಒಂದೇ ರೀತಿಗೆ ನಿಂತಿತು. ಪುನರ್ಜನ್ಮವನ್ನು ಅವರು ಒಪ್ಪುವುದಿಲ್ಲ. ಬಾಳು ಒಂದೇ, ಲೆಕ್ಕ ಒಪ್ಪಿಸುವ ದಿನವೂ ಒಂದೇ. ಕರ್ಮಸಿದ್ಧಾಂತದಲ್ಲಿ ಬೆಳೆದ ನಮಗೆ ಇದು ಕಠಿನವೆಂದು ಕಾಣುತ್ತದೆ. ಆದರೆ ಮುಂದಿನ ಜನ್ಮದಲ್ಲಿ ನೋಡೋಣವೆಂಬ ಆಲಸ್ಯಕ್ಕೆ ಅಲ್ಲಿ ಅವಕಾಶವಿಲ್ಲವೆಂಬುದನ್ನು ಮರೆಯಬಾರದು. ಶರಣನಿಗೆ ಮರುಹುಟ್ಟಿಲ್ಲವೆಂದು ಸಾರಿದ ನಮ್ಮವರಿಗೂ ಆ ಆಲಸ್ಯದ ಮೇಲೆ ಕೋಪವಿತ್ತು.

ಆಚರಣೆಗಳು ಐದು. ದೇವನೊಬ್ಬನೇ, ಮಹಮ್ಮದರು ಆತನ ದೂತರು ಎಂದು ಸಾಕ್ಷಿ ನುಡಿಯುವುದು ಮೊದಲನೆಯದು. ಎರಡನೆಯದು ದಿನಕ್ಕೆ ಐದು ಹೊತ್ತಿನ ನಮಾಜು. ಕಾಬಾದ ದಿಕ್ಕಿಗೆ ಮುಖ ಮಾಡಿ, ಭುಜಕ್ಕೆ ಭುಜ ತಗುಲಿಸಿ ಸಾಲಾಗಿ ನಿಲ್ಲುತ್ತಾರೆ. ಮೊದಲು ಬಂದವನು ಮುಂದೆ, ಹಿಂದೆ ಬಂದವನು ಹಿಂದೆ. ಅವರು ಕಾಬಾವನ್ನು ಪೂಜಿಸುತ್ತಾರೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ, ಅದು ತಪ್ಪು. ಅದು ದಿಕ್ಕು ಮಾತ್ರ. ಮೊದಲು ಅವರು ಜೆರುಸಲೇಮಿನ ಕಡೆಗೆ ತಿರುಗುತ್ತಿದ್ದರು, 624ರಲ್ಲಿ ಮಕ್ಕಾದ ಕಡೆಗೆ ತಿರುಗಿದರು. ಮೂರನೆಯದು ರಂಜಾನ್ ತಿಂಗಳ ಉಪವಾಸ. ಪಂಚಾಂಗ ನೋಡುವವರಿಗಾಗಿ ಒಂದು ಮಾತು: ಅವರದೂ ಚಾಂದ್ರಮಾನವೇ, ಆದರೆ ನಮ್ಮಂತೆ ಅಧಿಕಮಾಸವನ್ನು ಕೂಡಿಸುವುದಿಲ್ಲ. ಆದುದರಿಂದ ರಂಜಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಮೂವತ್ತಮೂರು ವರ್ಷಗಳ ಸುಮಾರಿಗೆ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಬೇಸಗೆಯ ಉಪವಾಸ ಸದಾ ಒಂದೇ ನಾಡಿನವರ ಪಾಲಿಗೆ ಬೀಳುವುದಿಲ್ಲ. ಹಜ್ ಯಾತ್ರೆ ಐದನೆಯದು. ಶಕ್ತಿಯಿದ್ದವನು ಬಾಳಿನಲ್ಲೊಮ್ಮೆ ಮಾಡತಕ್ಕದ್ದು. ಅಲ್ಲಿ ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿಯ ವಸ್ತ್ರಗಳನ್ನಷ್ಟೇ ಉಡುತ್ತಾರೆ; ಅರಸನಾರು ಆಳಾರು ಎಂದು ಬಟ್ಟೆಯಿಂದ ತಿಳಿಯುವಂತಿಲ್ಲ.

ನಾಲ್ಕನೆಯದಾದ ಜಕಾತನ್ನು ಬೇಕೆಂದೇ ಕೊನೆಗಿಟ್ಟೆನು. ಇದನ್ನು ದಾನವೆಂದು ಭಾಷಾಂತರಿಸುವುದು ಸರಿಯಲ್ಲ. ಗೊತ್ತಾದ ಮಿತಿಗಿಂತ ಹೆಚ್ಚಾದ ಸಂಪತ್ತು ಒಂದು ವರ್ಷ ಒಬ್ಬನ ಕೈಯಲ್ಲಿ ಉಳಿದರೆ ಅದರಲ್ಲಿ ನಲವತ್ತರಲ್ಲೊಂದು ಪಾಲು ಬಡವರ ಹಕ್ಕು. ಅದು ಕೊಡುವವನ ಔದಾರ್ಯವಲ್ಲ. ಕೊಡದಿದ್ದರೆ ಅವನು ಪರರ ಸೊತ್ತನ್ನು ಇಟ್ಟುಕೊಂಡಂತೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಹೋಕರು, ಬಿಡುಗಡೆಗೆ ಹಣ ಬೇಕಾದ ಗುಲಾಮರು ಮುಂತಾಗಿ ಎಂಟು ಬಗೆಯವರಿಗೆ ಅದು ಸಲ್ಲುತ್ತದೆ. ಬೆಳೆಯ ಲೆಕ್ಕ ಬೇರೆ. ಮಳೆಯ ನೀರಿನಿಂದ ತಾನಾಗಿ ಬೆಳೆದ ಪೈರಿನಲ್ಲಿ ಹತ್ತರಲ್ಲೊಂದು ಪಾಲು. ಬಾವಿಯಿಂದ ನೀರೆತ್ತಿ, ಮೈಮುರಿದು ದುಡಿದು ಬೆಳೆದುದರಲ್ಲಿ ಇಪ್ಪತ್ತರಲ್ಲೊಂದು ಮಾತ್ರ. ಈ ಲೆಕ್ಕವನ್ನು ಓದಿದಾಗ ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಬೆವರಿನ ಬೆಲೆಯನ್ನು ತೂಗಿ ಅರ್ಧ ಬಿಟ್ಟುಕೊಟ್ಟ ಧರ್ಮಶಾಸ್ತ್ರವಿದು. ನಮ್ಮಲ್ಲಿ ಕಾಯಕವೇ ಮೊದಲು, ದಾಸೋಹ ಅದರಿಂದ ಹೊಮ್ಮುವುದು. ‘ನಾನು ಕೊಟ್ಟೆ’ ಎಂಬ ಭಾವ ಬಂದೊಡನೆ ಅದು ದಾಸೋಹವಲ್ಲ, ಬರಿಯ ದಾನ. ಜಕಾತಿಗೆ ಪ್ರಮಾಣವುಂಟು, ದಾಸೋಹಕ್ಕೆ ಇಲ್ಲ. ಪ್ರಮಾಣವಿಲ್ಲದುದೇ ಹೆಚ್ಚಿನದೆಂದು ನಾವು ಹೆಮ್ಮೆಪಡಬಹುದು. ಆದರೆ ಪ್ರಮಾಣವಿಲ್ಲದ ಕಾರಣದಿಂದಲೇ ತಪ್ಪಿಸಿಕೊಳ್ಳುವುದೂ ನಮಗೆ ಸುಲಭವಾಗಿದೆ.

ಇಷ್ಟು ಹೇಳಿ ಇನ್ನೊಂದನ್ನು ಮರೆಮಾಡಿದರೆ ಬರೆದುದು ಸ್ತುತಿಪಾಠವಾದೀತು. ಬಿಲಾಲನನ್ನು ಬಿಡಿಸಿದ ಧರ್ಮವು ಗುಲಾಮಗಿರಿಯನ್ನು ಒಮ್ಮೆಗೇ ನಿಷೇಧಿಸಲಿಲ್ಲ. ಬಿಡಿಸುವುದು ಪುಣ್ಯವೆಂದಿತು, ಹಲವು ಪಾಪಗಳಿಗೆ ಅದೇ ಪ್ರಾಯಶ್ಚಿತ್ತವೆಂದಿತು. ಆದರೆ ಕೊಳ್ಳುವಿಕೆಯೂ ಮಾರುವಿಕೆಯೂ ಶತಮಾನಗಳ ಕಾಲ ನಡೆದವು. ಪೈಗಂಬರರು ಹುಟ್ಟಿದ ನಾಡಿನಲ್ಲಿಯೇ ಗುಲಾಮಗಿರಿ ಕಾನೂನಿನಿಂದ ರದ್ದಾದುದು 1962ರಲ್ಲಿ. ನಮ್ಮ ದೇಶದ ಮುಸಲ್ಮಾನರಲ್ಲಿಯೂ ಕುಲದ ಮೇಲುಕೀಳು ಸೇರಿಕೊಂಡಿದೆ. ನಮಾಜಿನ ಸಾಲಿನಲ್ಲಿ ಒಟ್ಟಿಗೆ ನಿಂತವರು ಬೀಗತನಕ್ಕೆ ಒಟ್ಟಿಗೆ ಕೂಡುವುದಿಲ್ಲ. ಇದನ್ನು ಬರೆಯುವಾಗ ನನ್ನ ಲೇಖನಿ ತಡೆಯಿತು. ಹರಳಯ್ಯನ ಹೆಸರನ್ನು ವೇದಿಕೆಯ ಮೇಲೆ ಕಣ್ಣೀರು ತುಂಬಿ ಹೇಳುವ ನಾವು ಮನೆಯಲ್ಲಿ ಮಗಳಿಗೆ ವರ ನೋಡುವಾಗ ಮೊದಲು ಕೇಳುವ ಪ್ರಶ್ನೆ ಯಾವುದು? ನಾನೂ ಅದನ್ನೇ ಕೇಳಿದವನು.

ಈಗ ಎರಡನೆಯ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅರ್ಥ ಒಂದೇ ಆದರೆ ನಾವು ಬೇರೆ ಏಕೆ? ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಹೇಳಿ ಮುಗಿಸುವುದು ಸುಲಭ. ಸಭೆಗಳಲ್ಲಿ ಹಾಗೆ ಹೇಳಿದರೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಅದು ಇಬ್ಬರಿಗೂ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ. ನಿರಾಕಾರನನ್ನು ಅರಿಯುವುದಕ್ಕೆ ನಮಗೆ ಅಂಗೈಯಲ್ಲೊಂದು ಕುರುಹು ಬೇಕು. ಗುರು ಕೊಟ್ಟ ಇಷ್ಟಲಿಂಗ ಅದು. ಅವರು ಕುರುಹನ್ನೂ ಒಲ್ಲರು. ಇದು ಮೇಲಿನ ಭೇದ. ಒಳಗಿನದು ಇನ್ನೂ ಆಳದಲ್ಲಿದೆ. ನಮ್ಮಲ್ಲಿ ಒಪ್ಪಿಸಿಕೊಂಡವನು ಕೊನೆಗೆ ಉಳಿಯುವುದಿಲ್ಲ. ನೀರಿಗೆ ಬಿದ್ದ ಆಲಿಕಲ್ಲಿನಂತೆ ಕರಗುತ್ತಾನೆ. ಶರಣಸ್ಥಲವು ಐಕ್ಯಸ್ಥಲದಲ್ಲಿ ಮುಗಿಯುತ್ತದೆ. ಅಂಗವು ಲಿಂಗದಲ್ಲಿ ಸಮರಸವಾಗುತ್ತದೆ. ಅಲ್ಲಿ ಒಪ್ಪಿಸಿಕೊಂಡವನು ಎಂದೆಂದಿಗೂ ಸೇವಕನೇ. ‘ಅಬ್ದ್’ ಎಂದರೆ ದಾಸ. ಅಬ್ದುಲ್ಲಾ ಎಂದರೆ ದೇವರ ದಾಸ. ಸ್ವಾಮಿ ಸ್ವಾಮಿಯಾಗಿ, ದಾಸ ದಾಸನಾಗಿ ಉಳಿದರೇ ಶರಣಾಗತಿ ಪೂರ್ಣ. ದಾಸನು ಸ್ವಾಮಿಯಲ್ಲಿ ಕರಗಿದೆನೆಂದರೆ ಅದೇ ಷಿರ್ಕಾದೀತೆಂಬ ಭಯ. ಮನ್ಸೂರ್ ಹಲ್ಲಾಜರೆಂಬ ಅನುಭಾವಿಗಳು ‘ಸತ್ಯ’ ಎಂಬ ದೈವನಾಮವನ್ನು ತಮಗೇ ಹೇಳಿಕೊಂಡುದಕ್ಕಾಗಿ 922ರಲ್ಲಿ ಬಾಗ್ದಾದಿನಲ್ಲಿ ವಧೆಗೊಳಗಾದರು. ಅದರಲ್ಲಿ ರಾಜಕಾರಣವೂ ಬೆರೆತಿತ್ತೆನ್ನುತ್ತಾರೆ. ಅವರು ಕಲ್ಯಾಣದಲ್ಲಿ ಹುಟ್ಟಿದ್ದರೆ ಅನುಭವಮಂಟಪದಲ್ಲಿ ಒಂದು ಗದ್ದುಗೆ ಸಿಕ್ಕುತ್ತಿತ್ತು ಎಂದು ನನಗೆ ಮೊದಲು ಅನಿಸಿತು. ಆಮೇಲೆ ಅದೂ ಅವಸರದ ಮಾತೆನಿಸಿತು. ಕಲ್ಯಾಣದಲ್ಲಿಯೂ ಸಾವು ಬಂದೇ ಬಂದಿತಲ್ಲ.

ಯಾವುದು ಹೆಚ್ಚು ಪೂರ್ಣವಾದ ಶರಣಾಗತಿ? ಕರಗುವುದೋ, ಕರಗದೆ ಬಾಗಿ ನಿಲ್ಲುವುದೋ? ನನ್ನ ದೀಕ್ಷೆ, ನನ್ನ ಗುರು, ನನ್ನ ಅಂಗೈಯ ಲಿಂಗ ಕರಗುವುದನ್ನೇ ಹೇಳುತ್ತವೆ. ನಾನು ಅದನ್ನು ಬಿಡಲಾರೆ. ಆದರೆ ಕರಗಿದೆನೆಂದು ಬಾಯಲ್ಲಿ ಹೇಳಿ ‘ನಾನು’ ಎಂಬುದನ್ನು ಹೊತ್ತು ತಿರುಗುವ ಅಪಾಯ ನಮ್ಮ ದಾರಿಯಲ್ಲಿ ಹೆಚ್ಚು. ದಿನಕ್ಕೆ ಐದು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸುವವನಿಗೆ ತಾನಾರೆಂಬುದು ಮರೆಯುವುದು ಕಷ್ಟ. ಅವನ ದಾರಿಯ ಅಪಾಯ ಬೇರೆ ಇದ್ದೀತು. ಅದನ್ನು ಅವನೇ ಹೇಳಬೇಕು.

ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಕಲಬುರಗಿಗೆ ಹೋಗುವ ಸಂದರ್ಭ ಬಂದಿತು. ಒಂದೇ ಊರಿನಲ್ಲಿ ಎರಡು ಸಮಾಧಿಗಳು. ದಾಸೋಹವನ್ನೇ ಬಾಳಾಗಿಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರದೊಂದು; ದಿಲ್ಲಿಯಿಂದ ವೃದ್ಧಾಪ್ಯದಲ್ಲಿ ಬಂದು 1422ರಲ್ಲಿ ಅಲ್ಲಿಯೇ ದೇಹವಿಟ್ಟ ಸೂಫಿ ಖ್ವಾಜಾ ಬಂದೇ ನವಾಜರದಿನ್ನೊಂದು. ಸೂಫಿಗಳಾದರೂ ಇವರು ಜೀವ ದೇವ ಒಂದೇ ಎಂಬ ಇಬ್ನ್ ಅರಬಿಯ ಮತವನ್ನು ಒಪ್ಪದೆ ವಾದಿಸಿದವರು. ‘ಬಂದೇ ನವಾಜ್’ ಎಂಬ ಬಿರುದಿಗೆ ದಾಸರನ್ನು ಮನ್ನಿಸುವವರು ಎಂದರ್ಥ. ‘ಬಂದಾ’ ಎಂದರೆ ದಾಸ. ‘ದಾಸೋಹಂ’ ಎಂದರೂ ನಾನು ದಾಸ ಎಂದೇ.

ಮರಳಿ ಬಂದು ತರಗತಿಯ ಕರಿಹಲಗೆಯ ಮೇಲೆ ಈ ಎರಡು ಶಬ್ದಗಳನ್ನು ಅಕ್ಕಪಕ್ಕದಲ್ಲಿ ಬರೆದೆನು. ಕೇಳಿದ ಹುಡುಗರಿಬ್ಬರೂ ಆ ವೇಳೆಗೆ ಹತ್ತನೆಯ ತರಗತಿಗೆ ಬಂದಿದ್ದರು. ಮುಂದಿನ ಸಾಲಿನವನು ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಬೇರೆಯೇ, ಗುರುಗಳೇ” ಎಂದನು. ಹೌದು, ಬೇರೆಯೇ ಎಂದೆನು. ಹಿಂದಿನ ಸಾಲಿನವನು ಕೈಯೆತ್ತಿ, ದಾದಾಗೆ ತೋರಿಸಬೇಕು, ಬರೆದುಕೊಳ್ಳುವವರೆಗೆ ಅಳಿಸಬೇಡಿ ಎಂದು ಕೇಳಿಕೊಂಡನು.